ಚೀಟಿ ಅವಳ ಹೆಸರಿಗೆ, ತಟ್ಟೆ ಮನೆಯವರ ಕೈಲಿ

ಮಗಳಿಗೆ ಏಳನೇ ತಿಂಗಳು ನಡೆಯುತ್ತಿದ್ದಾಗ ಒಂದೇ ವಾರದಲ್ಲಿ ಎರಡು ಸಂಗತಿ ನಡೆದವು. ಸೋಮವಾರ ಆಸ್ಪತ್ರೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆದರು. 162 ಬಂತು. ಶುಕ್ರವಾರ ಸೀಮಂತ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಂದೆ ಬಾಳೆಲೆಯ ತುಂಬ ಐದು ಬಗೆಯ ಕಲಸನ್ನ, ಹೋಳಿಗೆ, ಚಿಗಳಿ, ತಮಟ. ಬಂದವರೆಲ್ಲ ಆರತಿ ಮಾಡಿ ಒಂದೊಂದು ತುತ್ತು ಸಿಹಿಯನ್ನು ಬಾಯಿಗಿಡುತ್ತಿದ್ದರು. ಪ್ರತಿ ತುತ್ತಿಗೂ ಬಾಯಿ ತೆರೆಯುವ ಮುನ್ನ ಅವಳು ನನ್ನ ಕಡೆ ನೋಡುತ್ತಿದ್ದಳು. ಕಣ್ಣಲ್ಲಿ ಹೆದರಿಕೆ ತುಂಬಿತ್ತು.

ನನ್ನ ಕೈಚೀಲದಲ್ಲಿ ಆಸ್ಪತ್ರೆಯವರು ಕೊಟ್ಟ ಒಂದು ಹಾಳೆಯಿತ್ತು. ಅನ್ನ ಬೇಡ, ಆಲೂಗಡ್ಡೆ ಬೇಡ, ಬಾಳೆಹಣ್ಣು ಬೇಡ, ಮಾವು ಬೇಡ, ಬೆಲ್ಲ ಬೇಡ, ತೆಂಗಿನಕಾಯಿ ಬೇಡ. ಆ ರಾತ್ರಿ ಕೂತು ಎಣಿಸಿದೆ. ಹದಿನೇಳು ‘ಬೇಡ’ ಇದ್ದವು. ಏನು ಬೇಕು, ಎಷ್ಟು ಬೇಕು, ಯಾವ ಹೊತ್ತಿಗೆ ಬೇಕು ಎಂಬುದು ಎಲ್ಲೂ ಇರಲಿಲ್ಲ. ಹಾಳೆಯ ನೆತ್ತಿಯಲ್ಲಿ ಮಗಳ ಹೆಸರು ಬರೆದಿತ್ತು. ಆದರೆ ಮರುದಿನ ಒಲೆಯ ಮೇಲೆ ಏನಿಡಬೇಕು, ಯಾರಿಗೆ ಮೊದಲು ಬಡಿಸಬೇಕು, ಸಂತೆಯಿಂದ ಏನು ತರಬೇಕು ಎಂದು ತೀರ್ಮಾನಿಸುವವಳು ಅವಳಾಗಿರಲಿಲ್ಲ. ಮದುವೆಯಾಗಿ ಎರಡು ವರ್ಷವಾದ ಸೊಸೆಗೆ ನಮ್ಮ ಕಡೆಯ ಯಾವ ಮನೆಯಲ್ಲೂ ಆ ಅಧಿಕಾರ ಇರುವುದಿಲ್ಲ. ಚೀಟಿ ಅವಳ ಹೆಸರಿಗೆ, ತಟ್ಟೆ ಮಾತ್ರ ಮನೆಯವರ ಕೈಲಿ. ಬಸುರಿಯ ಸಕ್ಕರೆ ಕಾಯಿಲೆಯನ್ನು ನಾವು ಅವಳೊಬ್ಬಳ ನಾಲಿಗೆಯ ಹತೋಟಿಯ ಪ್ರಶ್ನೆಯಾಗಿ ನೋಡುತ್ತಿರುವವರೆಗೆ ಆ ಚೀಟಿಯಿಂದ ಅವಳಿಗೆ ಸಿಗುವುದು ಅಪರಾಧದ ಭಾವನೆಯೊಂದೇ ಎಂಬುದು ನನ್ನ ವಾದ.

ಮೊದಲು ಆ ಅಪರಾಧದ ಮಾತನ್ನೇ ನೋಡೋಣ. ಸೀಮಂತದ ದಿನ ನೆಂಟರೊಬ್ಬರು, “ಮದುವೆಗೆ ಮುಂಚೆ ಐಸ್‌ಕ್ರೀಂ ತಿಂದದ್ದು ಜಾಸ್ತಿಯಾಯಿತೇನೋ ಕಣಮ್ಮ” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅದು ತಪ್ಪು ತಿಳಿವಳಿಕೆ. ಹೊಟ್ಟೆಯಲ್ಲಿ ಮಾಸು ಬೆಳೆದಂತೆ ಅದು ಸ್ರವಿಸುವ ಹಾರ್ಮೋನುಗಳು ತಾಯಿಯ ಮೈಯನ್ನು ಇನ್ಸುಲಿನ್‌ನ ಮಾತಿಗೆ ಮೊಂಡಾಗಿಸುತ್ತವೆ. ತಾಯಿಯ ರಕ್ತದಲ್ಲಿ ಸಕ್ಕರೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಮಗುವಿಗೆ ಸಿಗುತ್ತದೆ ಎಂಬ ಪ್ರಕೃತಿಯ ಏರ್ಪಾಡು ಅದು, ಎಲ್ಲ ಬಸುರಿಯರಲ್ಲೂ ಆಗುವಂಥದು. ದಿನ ತುಂಬುವ ಹೊತ್ತಿಗೆ ತಾಯಿಯ ಮೇದೋಜೀರಕ ಗ್ರಂಥಿ ಮೊದಲಿಗಿಂತ ಎರಡು ಮೂರು ಪಟ್ಟು ಇನ್ಸುಲಿನ್ ಮಾಡಬೇಕಾಗುತ್ತದೆ. ಬಹುತೇಕ ಹೆಂಗಸರಲ್ಲಿ ಅದು ಹೇಗೋ ತೂಗಿಸಿಕೊಳ್ಳುತ್ತದೆ, ಕೆಲವರಲ್ಲಿ ಏಗಲಾರದೆ ಸೋಲುತ್ತದೆ. ಸೋಲುವುದಕ್ಕೆ ತಂದೆ ತಾಯಿಯಿಂದ ಬಂದ ಗುಣ, ವಯಸ್ಸು, ಮೈತೂಕ, ಹಿಂದಿನ ಪಿಸಿಓಡಿ ತೊಂದರೆ ಹೀಗೆ ಹಲವು ಕಾರಣಗಳಿವೆ. ನಮ್ಮ ಇಡೀ ದಕ್ಷಿಣ ಏಷ್ಯಾದ ಜನಕ್ಕೇ ಈ ಅಪಾಯ ಹೆಚ್ಚು. ನನಗೆ ಐವತ್ತಕ್ಕೆ ಸಕ್ಕರೆ ಕಾಯಿಲೆ ಬಂತು, ನನ್ನ ತಂದೆಗೂ ಇತ್ತು. ಮಗಳಿಗೆ ಅದು ಇಪ್ಪತ್ತೆಂಟಕ್ಕೆ ಮುಖ ತೋರಿಸಿತು. ಇದರಲ್ಲಿ ಐಸ್‌ಕ್ರೀಮಿನ ಪಾಲು ಎಷ್ಟಿದ್ದೀತು?

ಬಸುರಿನ ಸಕ್ಕರೆ ಮಗುವಿಗೆ ಏನು ಮಾಡುತ್ತದೆ ಎಂಬುದನ್ನು ಡೆನ್ಮಾರ್ಕಿನ ವೈದ್ಯ ಯೋರ್ಗೆನ್ ಪೆಡರ್ಸನ್ 1950ರ ದಶಕದಲ್ಲೇ ಸರಳವಾಗಿ ವಿವರಿಸಿದ್ದರು. ತಾಯಿಯ ಸಕ್ಕರೆ ಮಾಸನ್ನು ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೀಗಾಗಿ ಬಂದ ಹೆಚ್ಚುವರಿ ಸಕ್ಕರೆಯನ್ನು ನಿಭಾಯಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ಮಾಡಿಕೊಳ್ಳುತ್ತದೆ. ಇನ್ಸುಲಿನ್ ಬೆಳವಣಿಗೆಯ ಹಾರ್ಮೋನಿನಂತೆಯೂ ಕೆಲಸ ಮಾಡುವುದರಿಂದ ಮಗು ಕೊಬ್ಬು ತುಂಬಿಕೊಂಡು ಬೆಳೆಯುತ್ತದೆ. ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು, ಸಿಸೇರಿಯನ್ ಬೇಕಾಗಬಹುದು. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತರೂ ಮಗುವಿನ ಇನ್ಸುಲಿನ್ ನಿಲ್ಲದ ಕಾರಣ ಅದರ ಸಕ್ಕರೆ ಕುಸಿಯಬಹುದು. “ನಾಲ್ಕು ಕೆಜಿ ಮಗು, ಗುಂಡುಗುಂಡಗಿದೆ” ಎಂದು ಕೇರಿಗೆಲ್ಲ ಸಿಹಿ ಹಂಚಿದ ಹಳೆಯ ಹೆರಿಗೆಗಳಲ್ಲಿ ಎಷ್ಟು ಇಂಥವೋ. “ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ” ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ: ನಮ್ಮ ಕಾಲದಲ್ಲಿ ಯಾರೂ ಪರೀಕ್ಷೆ ಮಾಡಿ ನೋಡಲಿಲ್ಲ.

ನೋಡಬೇಕೆಂದು ಹಟ ಹಿಡಿದವರಲ್ಲಿ ಚೆನ್ನೈನ ಡಾ. ವಿ. ಶೇಷಯ್ಯ ಮುಖ್ಯರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಜನ್ಮದಿನವಾದ ಮಾರ್ಚ್ 10 ನಮ್ಮ ದೇಶದಲ್ಲಿ ಈ ಕಾಯಿಲೆಯ ಅರಿವಿನ ದಿನವಾಗಿದೆ. ಅವರು ಮತ್ತು ಅವರ ಸಂಗಡಿಗರು ಪ್ರಚಾರಕ್ಕೆ ತಂದ ಪರೀಕ್ಷೆ ನಮ್ಮ ಹಳ್ಳಿಯ ಹೆಂಗಸಿಗಾಗಿಯೇ ಮಾಡಿದಂತಿದೆ. ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ. ಊಟವಾಗಿದ್ದರೂ ಸರಿ, ಆಗದಿದ್ದರೂ ಸರಿ, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆಗೆ ರಕ್ತ ನೋಡುವುದು. 140 ಅಥವಾ ಹೆಚ್ಚಿದ್ದರೆ ಕಾಯಿಲೆ ಎಂದು ಲೆಕ್ಕ. ಬೆಳಗಿನ ಬಸ್ಸಿಗೆ ಹೊರಟು, ಹಸಿದ ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತು, ಮತ್ತೆ ಇನ್ನೊಂದು ದಿನ ಬರಬೇಕೆಂದರೆ ಎಷ್ಟು ಜನ ಬಂದಾರು? ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯೂ ಇದೇ ವಿಧಾನವನ್ನು ಒಪ್ಪಿಕೊಂಡು, ಬಸುರಿ ಮೊದಲ ಸಲ ತಪಾಸಣೆಗೆ ಬಂದಾಗ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಪರೀಕ್ಷಿಸಬೇಕೆನ್ನುತ್ತದೆ. ಖಾಲಿ ಹೊಟ್ಟೆಯಲ್ಲಿ ಮಾಡುವ, ಮೂರು ಸಲ ರಕ್ತ ತೆಗೆಯುವ ಅಂತರರಾಷ್ಟ್ರೀಯ ಪರೀಕ್ಷೆ ಇದಕ್ಕಿಂತ ಸೂಕ್ಷ್ಮವೆಂದು ವಾದಿಸುವ ವೈದ್ಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ಎಲ್ಲರನ್ನೂ ಮುಟ್ಟುವ ಪರೀಕ್ಷೆ ಮೊದಲು ಬರಲಿ ಎಂಬ ಪಕ್ಷ ನನ್ನದು.

ಇನ್ನು ಆ 140 ಎಂಬ ಗೆರೆ. ಅದನ್ನು ನಾವೇ ಎಳೆದುಕೊಂಡದ್ದು. 2008ರಲ್ಲಿ ಪ್ರಕಟವಾದ, ಒಂಬತ್ತು ದೇಶಗಳ 23,000ಕ್ಕೂ ಹೆಚ್ಚು ಬಸುರಿಯರನ್ನು ಗಮನಿಸಿದ ‘ಹಾಪೋ’ ಅಧ್ಯಯನ ತೋರಿಸಿದ್ದು ಇದನ್ನೇ. ತಾಯಿಯ ಸಕ್ಕರೆ ಏರಿದಂತೆಲ್ಲ ದಪ್ಪ ಮಗು, ಸಿಸೇರಿಯನ್, ಮಗುವಿನಲ್ಲಿ ಹೆಚ್ಚಿದ ಇನ್ಸುಲಿನ್ ಇವೆಲ್ಲ ಸ್ವಲ್ಪಸ್ವಲ್ಪವಾಗಿ ಏರುತ್ತ ಹೋಗುತ್ತವೆ. ಇಂಥ ಅಂಕಿಯ ಕೆಳಗೆ ಕ್ಷೇಮ, ಮೇಲೆ ಅಪಾಯ ಎಂದು ಗೋಡೆ ಕಟ್ಟಿದ ಜಾಗ ಎಲ್ಲೂ ಇಲ್ಲ. ಅದೊಂದು ಇಳಿಜಾರು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹುಡುಗಿಗೆ 138 ಬಂದಿತ್ತು, “ನಿಮಗೇನೂ ಇಲ್ಲ, ಹೋಗಿ” ಎಂದು ಕಳಿಸಿದರು. ಅವಳ ಮನೆಯಲ್ಲಿ ಅವತ್ತು ಪಾಯಸ ಮಾಡಿರಬಹುದು. ನಿಜಕ್ಕೂ ಆ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಬಗೆಯ ತಟ್ಟೆ ಬೇಕಿತ್ತು. ಇದು ಇಳಿಜಾರು ಎಂದು ಒಪ್ಪಿಕೊಂಡರೆ, ಕಾಯಿಲೆಯವಳಿಗೆ ಒಂದು ಪಾತ್ರೆ, ಉಳಿದವರಿಗೆ ಇನ್ನೊಂದು ಎಂದು ಅಡುಗೆ ಮಾಡುವುದರಲ್ಲಿ ಅರ್ಥವೇ ಇರುವುದಿಲ್ಲ. ಒಂದೇ ಅಡುಗೆ, ಎಲ್ಲರಿಗೂ ಒಳ್ಳೆಯದಾಗುವ ಅಡುಗೆ ಸಾಧ್ಯ.

ಈ ಸಕ್ಕರೆಯ ನೆರಳು ಮುಂದಿನ ತಲೆಮಾರಿಗೂ ಚಾಚುತ್ತದೆ ಎಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ ಒದಗಿಸಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರು ಮಿಷನ್ ಆಸ್ಪತ್ರೆ ಎನ್ನುವ ಜಾಗದಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. ಬ್ರಿಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ಹಳೆಯ ದಫ್ತರ ಹಿಡಿದು, ಆಗ ಹುಟ್ಟಿದವರನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಬರುತ್ತಿತ್ತು. ಮೈಸೂರಿನಲ್ಲಿ ಗಿಡ್ಡವಾಗಿ, ದಪ್ಪಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು ಕಂಡಿತು. ಹಾಗಾದರೆ ಆ ತಾಯಂದಿರಿಗೆ ಬಸುರಿನಲ್ಲಿ ಯಾರೂ ಪತ್ತೆ ಮಾಡದ ಸಕ್ಕರೆ ಇತ್ತೇ? ಆ ಪ್ರಶ್ನೆ ಹಿಡಿದು 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರನ್ನು ಪರೀಕ್ಷಿಸತೊಡಗಿದರು. ನೂರಕ್ಕೆ ಆರು ಮಂದಿಗೆ ಸಕ್ಕರೆ ಇತ್ತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡದವರು ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಐದು ವರ್ಷಕ್ಕೇ ಸಕ್ಕರೆಯಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬು ಹೆಚ್ಚಿತ್ತು. ಒಂಬತ್ತು ದಾಟಿದಾಗಲೂ ಆ ಲಕ್ಷಣ ಉಳಿದಿತ್ತು. ಆ ಹೆಣ್ಣುಮಕ್ಕಳು ಈಗ ಮದುವೆಯಾಗುವ, ಬಸುರಾಗುವ ವಯಸ್ಸಿನವರು. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೀಗೆ ದಾಟುತ್ತ ಹೋಗುವ ಕಾಯಿಲೆಯನ್ನು ತಡೆಯಲು ಒಂಬತ್ತು ತಿಂಗಳಿಗಿಂತ ಒಳ್ಳೆಯ ಸಮಯ ಇನ್ಯಾವುದು?

ತಡೆಯಲು ಆಗುತ್ತದೆಯೇ ಎಂದರೆ, ಹೆರಿಗೆಯ ಅಪಾಯವನ್ನಂತೂ ಖಂಡಿತ ತಗ್ಗಿಸಬಹುದು. 2005ರಲ್ಲಿ ಹೊರಬಂದ, ಸಾವಿರ ಹೆಂಗಸರ ಮೇಲೆ ನಡೆದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಊಟದ ಸಲಹೆ, ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವುದು, ಬೇಕಾದವರಿಗೆ ಇನ್ಸುಲಿನ್ ಈ ಮೂರನ್ನು ಕೊಟ್ಟ ಗುಂಪಿನಲ್ಲಿ ಮಗುವಿಗೆ ಗಂಭೀರ ತೊಂದರೆಯಾದದ್ದು ನೂರಕ್ಕೆ ಒಂದು. ಸುಮ್ಮನೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ ನಾಲ್ಕು. ಚಿಕಿತ್ಸೆ ಪಡೆದವರಲ್ಲೂ ಇನ್ಸುಲಿನ್ ಬೇಕಾದದ್ದು ಐದರಲ್ಲಿ ಒಬ್ಬರಿಗೆ ಮಾತ್ರ. ಉಳಿದವರನ್ನು ಕಾಪಾಡಿದ್ದು ಅವರ ಊಟದ ತಟ್ಟೆ.

ಈಗ ಆ ತಟ್ಟೆಗೆ ಬರುತ್ತೇನೆ.

ಹದಿನೇಳು ‘ಬೇಡ’ಗಳ ಹಾಳೆ ಹಿಡಿದು ಮಗಳು ಹತ್ತು ದಿನ ಬದುಕಿದಳು. ಬೆಳಿಗ್ಗೆ ಎರಡು ಸೌತೆಕಾಯಿ ಹೋಳು, ಮಧ್ಯಾಹ್ನ ಅರ್ಧ ಚಪಾತಿ, ರಾತ್ರಿ ಮಜ್ಜಿಗೆ. ಗ್ಲುಕೋಮೀಟರಿನ ಅಂಕಿಗಳು ಚೆನ್ನಾಗಿದ್ದವು. ಅವಳು ಒಂದೂವರೆ ಕೆಜಿ ಇಳಿದಿದ್ದಳು. ಬೇರೊಬ್ಬ ವೈದ್ಯೆಯ ಬಳಿ ಕರೆದೊಯ್ದಾಗ ಆಕೆ ಮೂತ್ರದಲ್ಲಿ ಕೀಟೋನ್ ಕಂಡಿದೆ ಎಂದರು. ತಿನ್ನಲು ಪಿಷ್ಟವೇ ಸಿಗದೆ ಮೈ ತನ್ನ ಕೊಬ್ಬನ್ನು ಕರಗಿಸುತ್ತಿರುವ ಗುರುತು ಅದು, ಬಸುರಿಗೆ ಒಳ್ಳೆಯದಲ್ಲ. “ಅಂಕಿ ನೋಡಿ ಖುಷಿಪಡಬೇಡಿ, ಇವಳು ಉಪವಾಸ ಇದ್ದಾಳೆ” ಎಂದು ನನಗೆ ನೇರವಾಗಿ ಹೇಳಿದರು. ಆಮೇಲೆ ಒಂದು ಮಾತು ಕೇಳಿದರು: “ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ?” ನಾನು ಮತ್ತು ಬೀಗಿತ್ತಿಯವರು ಎಂದೆ. “ಹಾಗಾದರೆ ಅವರನ್ನೂ ಕರ್ಕೊಂಡು ಬನ್ನಿ.” ಆ ಒಂದು ಪ್ರಶ್ನೆಯಿಂದ ಎಲ್ಲ ಬದಲಾಯಿತು.

ಮುಂದಿನ ವಾರ ಅವರನ್ನೂ ಕರೆದುಕೊಂಡು ಹೋದೆವು. ಆಕೆ ಕೊಟ್ಟದ್ದು ನಾಲ್ಕು ಅಂಕಿ, ಒಂದು ನೋಟುಪುಸ್ತಕ. ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ತಿಂಡಿ, ಊಟ, ರಾತ್ರಿಯೂಟ ಪ್ರತಿಯೊಂದಾಗಿ ಎರಡು ಗಂಟೆಗೆ 120ರ ಒಳಗೆ. ಬೆರಳ ತುದಿಯ ನಟ್ಟನಡುವೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ ಎಂದು ತೋರಿಸಿಕೊಟ್ಟರು. ಏನು ತಿಂದಿರಿ, ಎಷ್ಟು ತಿಂದಿರಿ ಎಂಬುದನ್ನು ಅಂಕಿಯ ಪಕ್ಕ ಬರೆಯಲು ಹೇಳಿದರು.

ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಮೂರು ಇಡ್ಲಿ, ಕಾಯಿ ಚಟ್ನಿ, 151. ಎರಡು ಇಡ್ಲಿ, ದೊಡ್ಡ ಬಟ್ಟಲು ತುಂಬ ಹುರುಳಿಕಾಯಿ ಹಾಕಿದ ಗಟ್ಟಿ ಸಾಂಬಾರು, ಒಂದು ಬೇಯಿಸಿದ ಮೊಟ್ಟೆ, 117. ಹೆಸರುಕಾಳು ನೆನೆಸಿ ರುಬ್ಬಿದ ದೋಸೆ ಎರಡು, 108. ಅವಲಕ್ಕಿ ಒಗ್ಗರಣೆ, 156. ಅದೇ ಅವಲಕ್ಕಿಯನ್ನು ಅರ್ಧ ಮಾಡಿ ಕಡಲೆಬೀಜ, ಕ್ಯಾರೆಟ್, ಬಟಾಣಿ ಸೇರಿಸಿ ಜೊತೆಗೆ ಮೊಸರಿಟ್ಟಾಗ 124. ಬೆಳಗಿನ ಹೊತ್ತಿನ ಹಾರ್ಮೋನುಗಳಿಂದಾಗಿ ಅವಳಿಗೆ ತಿಂಡಿಯೇ ಎಲ್ಲಕ್ಕಿಂತ ಕಷ್ಟದ ಊಟವಾಗಿತ್ತು. ಮಧ್ಯಾಹ್ನ ಸಲೀಸಾಗಿ ಅರಗುವ ಅನ್ನವೇ ಬೆಳಿಗ್ಗೆ ಚಿತ್ರಾನ್ನವಾಗಿ ಬಂದರೆ ಸಕ್ಕರೆ ಜಿಗಿಯುತ್ತಿತ್ತು. ಕರ್ನಾಟಕದ ಬೆಳಗಿನ ತಿಂಡಿಗಳನ್ನು ಒಮ್ಮೆ ನೆನಪಿಸಿಕೊಳ್ಳಿ: ಇಡ್ಲಿ, ದೋಸೆ, ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ, ಶಾವಿಗೆ, ಪುಳಿಯೋಗರೆ. ಒಂದೊಂದೂ ಪಿಷ್ಟ. ಕಾಳು, ತರಕಾರಿ ಅದರಲ್ಲಿ ಒಗ್ಗರಣೆಯಷ್ಟೇ.

ಪುಸ್ತಕದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಅಂಕಿ ರಾಗಿಯದು. ಹಾಸನದ ಕಡೆಯ ನಮಗೆ ರಾಗಿ ಎಂದರೆ ದೇವರು. “ಅನ್ನ ಬಿಡಿಸಿ ರಾಗಿ ಕೊಡಿ, ಸಕ್ಕರೆ ಏರೋದೇ ಇಲ್ಲ” ಎಂದು ಊರಿಗೆ ಊರೇ ಹೇಳಿತು. ಬೆಳಿಗ್ಗೆ ಒಂದು ದೊಡ್ಡ ಲೋಟ ರಾಗಿ ಗಂಜಿ, ಸಕ್ಕರೆ ಬೆಲ್ಲ ಏನೂ ಹಾಕದೆ, ಮಜ್ಜಿಗೆ ಉಪ್ಪು ಬೆರೆಸಿ ಕೊಟ್ಟೆವು. 164! ಮೀಟರೇ ಕೆಟ್ಟಿರಬೇಕೆಂದು ಮರುದಿನ ಮತ್ತೆ ನೋಡಿದೆವು. 159. ನುಣ್ಣಗೆ ಬೀಸಿ, ಜರಡಿ ಹಿಡಿದು, ನೀರಿನಲ್ಲಿ ಕುದಿಸಿದ ಹಿಟ್ಟು ಅಗಿಯುವ ಕೆಲಸವೇ ಇಲ್ಲದೆ ಗಂಟಲಿನಿಂದ ನೇರ ರಕ್ತಕ್ಕೆ ಹೋದಂತೆ ಹೋಗುತ್ತದೆ. ರಾಗಿಯಲ್ಲಿ ಸುಣ್ಣದಂಶ ಧಾರಾಳವಾಗಿದೆ, 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚು, ಬಸುರಿಗೆ ಅದು ಬೇಕೇ ಬೇಕು. ನಾರೂ ಇದೆ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಪಿಷ್ಟವೇ. ತಟ್ಟೆ ತುಂಬುವ ಮುದ್ದೆಯನ್ನು ತೆಳ್ಳನೆ ಸಾರಿನಲ್ಲಿ ಅದ್ದಿ ನುಂಗಿದರೆ ಅನ್ನ ಉಂಡಂತೆಯೇ. ಮುದ್ದೆಯನ್ನು ಅರ್ಧ ಮಾಡಿ, ಹುರುಳಿಕಾಳಿನ ಬಸ್ಸಾರು, ಬಸಿದ ಸೊಪ್ಪು ಕಾಳಿನ ಪಲ್ಯವನ್ನು ಮುದ್ದೆಗಿಂತ ಹೆಚ್ಚಾಗಿ ಇಟ್ಟ ದಿನ 112. ರಾಗಿಯ ಕೀರ್ತಿಯಲ್ಲಿ ದೊಡ್ಡ ಪಾಲು ಅದರ ಜೊತೆಗೆ ಕೂರುವ ಬಸ್ಸಾರಿನದು, ಉಪ್ಪೆಸರಿನದು. ಜೋಳದ ರೊಟ್ಟಿಯದೂ ಅದೇ ಕತೆ. ರೊಟ್ಟಿಯೊಂದಿಗೆ ಎಣಗಾಯಿ, ಮಡಿಕೆಕಾಳು, ಹಸಿ ಸೊಪ್ಪು, ಮೊಸರು ತಾನಾಗಿ ಬರುತ್ತವೆ, ಅಗಿಯಲೂ ಹೊತ್ತು ಹಿಡಿಯುತ್ತದೆ. ಆ ಊಟದ ಕ್ರಮವನ್ನು ಬಿಟ್ಟು ಧಾನ್ಯವನ್ನು ಮಾತ್ರ ಔಷಧಿಯಂತೆ ಕಿತ್ತು ತಂದರೆ ಫಲ ಸಿಗದು.

ಬೆಲ್ಲ, ಜೇನುತುಪ್ಪದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ರಕ್ತಕ್ಕೆ ಹೋದ ಮೇಲೆ ಅವೂ ಸಕ್ಕರೆಯೇ. ಹಣ್ಣಿನ ರಸಕ್ಕಿಂತ ಇಡೀ ಸೀಬೆಹಣ್ಣು ಲೇಸು, ಅದೂ ಊಟದ ಜೊತೆಗಲ್ಲದೆ ನಡುಹೊತ್ತಿನಲ್ಲಿ.

ನಮ್ಮ ಎಲೆಯೂಟದ ಪದ್ಧತಿಯಲ್ಲೇ ಒಂದು ಜಾಣತನವಿದೆ. ಕೋಸಂಬರಿ, ಪಲ್ಯ ಮೊದಲು ಎಲೆಗೆ ಬೀಳುತ್ತವೆ, ಅನ್ನ ಆಮೇಲೆ. ತರಕಾರಿ, ಕಾಳುಗಳನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಸಕ್ಕರೆ ನಿಧಾನವಾಗಿ ಏರುತ್ತದೆ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ. ನಮ್ಮವರು ಇದನ್ನು ಸಕ್ಕರೆ ಕಾಯಿಲೆಗೆಂದು ಮಾಡಿದ್ದಲ್ಲ. ಆದರೂ ನಮ್ಮ ಕೈಯಲ್ಲಿರುವ ಪದ್ಧತಿ ಇದು, ಬಳಸಿಕೊಳ್ಳಬೇಕು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಎರಡು ಹನಿ ನಿಂಬೆಯ ಕೋಸಂಬರಿಯನ್ನು ಮಗಳು ದಿನಾ ಒಂದು ಬಟ್ಟಲು ತಿಂದು, ಆಮೇಲೆ ಅನ್ನಕ್ಕೆ ಕೈಹಾಕುತ್ತಿದ್ದಳು. ಒಂದು ಹಿಡಿ ಅನ್ನವನ್ನು ಅವಳಿಂದ ಯಾರೂ ಕಿತ್ತುಕೊಳ್ಳಲಿಲ್ಲ.

“ಇಬ್ಬರ ಊಟ ಉಣ್ಣಬೇಕು” ಎನ್ನುತ್ತಾರಲ್ಲ, ಅದರ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಬಸುರಿಗೆ ದಿನಕ್ಕೆ ಬೇಕಾದ ಹೆಚ್ಚುವರಿ ಆಹಾರ ಸುಮಾರು 350 ಕ್ಯಾಲೊರಿ ಎಂದು ನಮ್ಮ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳುತ್ತದೆ. ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಿಡಿ ಕಡಲೆಬೀಜದಲ್ಲಿ ಅದು ಮುಗಿಯಿತು. ಎರಡನೆಯ ಜೀವಕ್ಕೆ ಬೇಕಿರುವುದು ಎರಡನೆಯ ತಟ್ಟೆ ಅನ್ನವಲ್ಲ, ಮೊದಲ ತಟ್ಟೆಗೆ ಬೀಳುವ ಕಾಳು, ಸೊಪ್ಪು, ಮೊಟ್ಟೆ.

ಇಲ್ಲಿಗೆ ಬಂದಾಗ ಮನೆಯ ಇನ್ನೊಂದು ಪದ್ಧತಿ ಎದುರಾಗುತ್ತದೆ, ಅದು ಜಾಣತನದ್ದಲ್ಲ. ಎಲ್ಲರೂ ಉಂಡ ಮೇಲೆ ಸೊಸೆ ಕೂರುವುದು. ಕೊನೆಯ ಪಂಕ್ತಿಗೆ ಏನು ಉಳಿಯುತ್ತದೆ ಎಂದು ಅಡುಗೆಮನೆಯಲ್ಲಿ ಜೀವ ಸವೆಸಿದ ಯಾರನ್ನಾದರೂ ಕೇಳಿ. ಪಲ್ಯದ ಬಾಣಲೆ ಖಾಲಿ, ಸಾಂಬಾರಿನಲ್ಲಿ ಹೋಳುಗಳೆಲ್ಲ ಮುಗಿದು ತಿಳಿ ಮಾತ್ರ, ಮೊಸರಿನ ಗಡಿಗೆಯಲ್ಲಿ ತಳ. ಉಳಿಯುವುದು ಅನ್ನ. ಅದನ್ನು ಚೆಲ್ಲಬಾರದೆಂದು ಅವಳೇ ಮುಗಿಸುತ್ತಾಳೆ. ಕೊನೆಯಲ್ಲಿ ಉಣ್ಣುವವಳ ಪಾಲಿಗೆ ಪಿಷ್ಟವೇ ಬರುವಂತೆ ನಮ್ಮ ಮನೆಗಳು ಕಟ್ಟಿಕೊಂಡಿವೆ. ಅದೇ ಮನೆಗೆ ಆಸ್ಪತ್ರೆಯಿಂದ ‘ಅನ್ನ ಕಡಿಮೆ ಮಾಡಿ, ತರಕಾರಿ ಹೆಚ್ಚು ತಿನ್ನಿ’ ಎಂಬ ಚೀಟಿ ಹೋಗುತ್ತದೆ. ಗಂಡ ರಾತ್ರಿ ಹತ್ತಕ್ಕೆ ಬರುವವರೆಗೆ ಕಾದು ಉಂಡು, ಪಾತ್ರೆ ತೊಳೆದು, ಅಲ್ಲೇ ಒರಗಿದವಳ ಬೆಳಗಿನ ಖಾಲಿ ಹೊಟ್ಟೆಯ ಅಂಕಿ 95ರ ಒಳಗೆ ಬರುವುದು ಹೇಗೆ? ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ ಎನ್ನುತ್ತಾರೆ. ಅದು ನಿಜಕ್ಕೂ ಕೆಲಸ ಮಾಡುವ ಸಲಹೆ, ನಡೆಯುವ ಸ್ನಾಯು ಸಕ್ಕರೆಯನ್ನು ನೇರವಾಗಿ ಹೀರಿಕೊಳ್ಳುತ್ತದೆ. ಆದರೆ ರಾತ್ರಿ ಎಂಟೂವರೆಗೆ ತುಂಬು ಬಸುರಿ ಒಬ್ಬಳೇ ಹಳ್ಳಿಯ ಬೀದಿಯಲ್ಲಿ ನಡೆದಾಡುವುದನ್ನು ಯಾರು ಸಹಿಸುತ್ತಾರೆ? ಅಳಿಯ ಜೊತೆಗೆ ಹೊರಟ ಮೇಲಷ್ಟೇ ನಮ್ಮಲ್ಲಿ ಅದು ಸಾಧ್ಯವಾಯಿತು. ಮಗಳಿಗೆ ಏಳೂವರೆಗೆ ಮೊದಲು ಬಡಿಸುವುದನ್ನು ಬೀಗಿತ್ತಿಯವರೇ ಶುರುಮಾಡಿದರು. “ಮೊದಲು ಅವಳದಾಗಲಿ, ಪಲ್ಯ ಅವಳಿಗೆ ಸಾಕಷ್ಟು ಬೀಳಲಿ” ಎಂದು ತಮ್ಮ ಯಜಮಾನರ ಎದುರೇ ಹೇಳಿದ ದಿನ ನನಗೆ ಕಣ್ಣು ತುಂಬಿ ಬಂತು. ನಲವತ್ತು ವರ್ಷ ಕೊನೆಯ ಪಂಕ್ತಿಯಲ್ಲಿ ಉಂಡ ಹೆಂಗಸು ಅವರು.

ನಮ್ಮದು ಹೇಗೂ ಮೊಟ್ಟೆ, ಹಾಲು, ಸ್ಟ್ರಿಪ್ಪಿನ ಡಬ್ಬಿ ಕೊಳ್ಳಬಲ್ಲ ಮನೆ. ಕೂಲಿ ಮಾಡುವ ಹೆಣ್ಣುಮಗಳ ಗತಿ ಬೇರೆ. 2013ರಲ್ಲಿ ಶುರುವಾದ ಅನ್ನಭಾಗ್ಯ ಎಷ್ಟೋ ಮನೆಗಳ ಹಸಿವು ನೀಗಿಸಿದೆ, ಅದರ ಉಪಕಾರವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಮನೆಗೆ ಬಿಟ್ಟಿ ಬರುವುದು ಅಕ್ಕಿ, ಕಾಸು ಕೊಟ್ಟು ತರಬೇಕಾದ್ದು ಬೇಳೆ, ಸೊಪ್ಪು, ಮೊಟ್ಟೆ ಎಂದಾದಾಗ ಅವಳ ತಟ್ಟೆಯಲ್ಲಿ ಏನಿರುತ್ತದೆಂದು ಊಹಿಸಲು ಪಂಡಿತರು ಬೇಕಿಲ್ಲ. ಸರ್ಕಾರದ ಒಂದು ಕೈ ಅಕ್ಕಿ ಕೊಡುತ್ತದೆ, ಇನ್ನೊಂದು ಕೈ ಅಕ್ಕಿ ಉಣ್ಣಬೇಡ ಎಂಬ ಚೀಟಿ ಕೊಡುತ್ತದೆ.

ದಾರಿ ಇಲ್ಲದಿಲ್ಲ. 2017ರ ಅಕ್ಟೋಬರ್ 2ರಿಂದ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಇದೆ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ ಅಥವಾ ಮೊಳಕೆಕಾಳು, ಹಾಲು, ಕಡಲೆಬೀಜದ ಚಿಕ್ಕಿ. ಅತ್ತೆಯ ಅಪ್ಪಣೆಗೆ ಕಾಯದೆ, ಕೊನೆಯ ಪಂಕ್ತಿಗೆ ಇಳಿಯದೆ ಅವಳು ಉಣ್ಣಬಹುದಾದ ಒಂದೇ ತಟ್ಟೆ ಅದು. ಸಕ್ಕರೆಯಿದ್ದವಳಿಗೆ ಅಲ್ಲಿ ಅನ್ನದ ಸೌಟು ಒಂದು ಕಡಿಮೆ ಮಾಡಿ ಪಲ್ಯ, ಕಾಳು ಒಂದು ಸೌಟು ಹೆಚ್ಚಿಸಿ, ಬೆಲ್ಲದ ಚಿಕ್ಕಿಯ ಬದಲು ಹುರಿದ ಕಡಲೆಬೀಜ ಕೊಡಲು ದೊಡ್ಡ ಖರ್ಚೇನೂ ಇಲ್ಲ. ತಾಯಿ ಕಾರ್ಡಿನಲ್ಲಿರುವ ಅಂಕಿ ಅಂಗನವಾಡಿ ಕಾರ್ಯಕರ್ತೆಯ ಕಿವಿಗೆ ಬೀಳಬೇಕು, ಅವಳಿಗೆ ಬದಲಾಯಿಸಿ ಬಡಿಸುವ ಅಧಿಕಾರ ಇರಬೇಕು. ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಬಸುರಿಯನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳುವುದಕ್ಕಿಂತ ಜಗಲಿಯಲ್ಲಿ ಅತ್ತೆ, ಗಂಡನನ್ನು ಕೂರಿಸಿಕೊಂಡು ಮಾತಾಡಿದರೆ ಹತ್ತು ಪಟ್ಟು ಫಲ.

ಊಟ, ನಡಿಗೆ ಎಲ್ಲ ಸರಿಯಿದ್ದೂ ಕೆಲವರಿಗೆ ಅಂಕಿ ಇಳಿಯುವುದಿಲ್ಲ. ಎರಡು ವಾರ ನೋಡಿ ಇಳಿಯದಿದ್ದರೆ ಔಷಧಿ ಶುರುಮಾಡುತ್ತಾರೆ. ಮಗಳಿಗೂ ಮೂವತ್ತೆರಡನೆಯ ವಾರದಲ್ಲಿ ರಾತ್ರಿಯ ಇನ್ಸುಲಿನ್ ಬೇಕಾಯಿತು. ಅವತ್ತು ಅವಳು ಅತ್ತಳು. ತಾನು ಎಲ್ಲಿ ತಪ್ಪಿದೆ ಎಂದು ನೋಟುಪುಸ್ತಕ ತಿರುವಿಹಾಕಿದಳು. ಎಲ್ಲೂ ತಪ್ಪಿರಲಿಲ್ಲ, ಮಾಸು ಬೆಳೆದಿತ್ತು ಅಷ್ಟೇ. “ಸೂಜಿ ಶುರುವಾದರೆ ಜನ್ಮಪೂರ್ತಿ ಬಿಡೋಲ್ಲ” ಎಂಬ ಮಾತು ಈ ಕಾಯಿಲೆಯ ಮಟ್ಟಿಗೆ ನಿಜವಲ್ಲ. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಸಾಮಾನ್ಯವಾಗಿ ಇನ್ಸುಲಿನ್ ನಿಲ್ಲಿಸುತ್ತಾರೆ, ಅವಳಿಗೂ ಅದೇ ದಿನ ನಿಲ್ಲಿಸಿದರು. ಮಗು 2.9 ಕೆಜಿ ಇತ್ತು.

ಅಲ್ಲಿಗೆ ಎಲ್ಲ ಮುಗಿಯಿತೆಂದು ಮನೆ ನಿಟ್ಟುಸಿರು ಬಿಡುತ್ತದೆ. ಪುಸ್ತಕ ಮೂಲೆ ಸೇರುತ್ತದೆ. ಅಂಟಿನುಂಡೆ, ತುಪ್ಪ, ಬೆಲ್ಲದ ಬಾಣಂತನ ಶುರುವಾಗುತ್ತದೆ. ನನ್ನ ಸಂಕಟ ಇರುವುದು ಇಲ್ಲೇ. ಬಸುರಿನಲ್ಲಿ ಸಕ್ಕರೆ ಬಂದವಳಿಗೆ ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಏಳು ಪಟ್ಟಿಗೂ ಹೆಚ್ಚು. ಹಾಗಾಗಿ ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ ಗ್ಲೂಕೋಸ್ ನೀರಿನ ಪರೀಕ್ಷೆ ಮಾಡಬೇಕು, ಆಮೇಲೆ ವರ್ಷಕ್ಕೊಮ್ಮೆ. ಆದರೆ ಆರನೆಯ ವಾರಕ್ಕೆ ನಮ್ಮ ಬಾಣಂತಿ ತವರಿನ ಕತ್ತಲ ಕೋಣೆಯಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು, ಹೊಸಿಲು ದಾಟದೆ ಇರುತ್ತಾಳೆ. ಬಸುರಿನಲ್ಲಿ ತೋರಿಸಿದ ವೈದ್ಯರು ಗಂಡನ ಮನೆಯ ಊರಿನವರು, ಹೆರಿಗೆ ಮಾಡಿಸಿದವರು ತವರಿನ ಊರಿನವರು. ನಡುವೆ ಆ ಪರೀಕ್ಷೆ ಯಾರ ಜವಾಬ್ದಾರಿಯೂ ಆಗದೆ ಬಿದ್ದುಹೋಗುತ್ತದೆ.

ಆದರೆ ಅದೇ ಆರನೆಯ ವಾರಕ್ಕೆ ಮಗುವನ್ನು ಮಾತ್ರ ಯಾವ ಮನೆಯೂ ಒಳಗಿಟ್ಟುಕೊಳ್ಳುವುದಿಲ್ಲ. ಒಂದೂವರೆ ತಿಂಗಳ ಚುಚ್ಚುಮದ್ದು ಇರುತ್ತದೆ, ಅಜ್ಜಿಯರೇ ಬಟ್ಟೆ ಸುತ್ತಿ ಎತ್ತಿಕೊಂಡು ಹೋಗುತ್ತಾರೆ. ಮಗುವಿಗೆ ಲಸಿಕೆ ಹಾಕುವ ದಿನವೇ, ಅದೇ ಬೆಂಚಿನಲ್ಲಿ ತಾಯಿಗೂ ಈ ಪರೀಕ್ಷೆ ಮಾಡಬೇಕೆಂದು ಆರೋಗ್ಯ ಇಲಾಖೆ ನಿಯಮ ಮಾಡಿ, ತಾಯಿ ಕಾರ್ಡಿನ ಲಸಿಕೆಯ ಪುಟದಲ್ಲೇ ಅದಕ್ಕೊಂದು ಖಾನೆ ಮುದ್ರಿಸಬೇಕು. ಹೊಸ ಕಟ್ಟಡ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಆಗ ಅಜ್ಜಿಯ ಜೊತೆ ತಾಯಿಯೂ ಹೊಸಿಲು ದಾಟುತ್ತಾಳೆ.

ನಾವು ಹಾಗೇ ಮಾಡಿದೆವು. ಬೆಳಿಗ್ಗೆ ಏನೂ ತಿನ್ನದೆ ಮಗಳು ಹೊರಟಳು. ಒಂದು ರಕ್ತ ಕೊಟ್ಟು, ಗ್ಲೂಕೋಸ್ ನೀರು ಕುಡಿದು, ಮೂಲೆಯ ಕುರ್ಚಿಯಲ್ಲಿ ಸೆರಗು ಹೊದ್ದು ಮಗುವಿಗೆ ಹಾಲೂಡಿಸುತ್ತ ಕೂತಳು. ಅಷ್ಟರಲ್ಲಿ ಲಸಿಕೆಯೂ ಆಯಿತು, ಅಳುವೂ ಆಯಿತು, ನಿದ್ದೆಯೂ ಬಂತು. ಎರಡು ಗಂಟೆಯ ಮೇಲೆ ಮತ್ತೆ ರಕ್ತ ತೆಗೆದರು. ಖಾಲಿ ಹೊಟ್ಟೆಯಲ್ಲಿ 91, ಎರಡು ಗಂಟೆಗೆ 128. ನೋಟುಪುಸ್ತಕದ ಹೊಸ ಪುಟದಲ್ಲಿ ಅವಳೇ ಎರಡನ್ನೂ ಬರೆದು, ಕೆಳಗೆ ಮುಂದಿನ ವರ್ಷದ ಅದೇ ತಿಂಗಳ ಹೆಸರು ಬರೆದಳು. ಮನೆಗೆ ಬಂದಾಗ ಬೀಗಿತ್ತಿಯವರು ಊರಿಂದ ಬಂದು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು.